ಸೋರುವ ಕೊಠಡಿ, ಖಾಲಿ ಹುದ್ದೆ, ಬರಿದಾದ ಖಾತೆ: ಎಸ್‌ಡಿಎಂಸಿ ಸದಸ್ಯರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಾನು ಮೊದಲ ಸಲ ಆಯ್ಕೆಯಾದ ದಿನ ಹಾರ ಹಾಕಿದರು, ಚಹಾ ಕೊಟ್ಟರು, ದಪ್ಪ ಪುಸ್ತಕವೊಂದರಲ್ಲಿ ಮೂರು ಕಡೆ ಸಹಿ ಹಾಕಿಸಿಕೊಂಡರು. ಯಾವುದಕ್ಕೆ ಸಹಿ ಹಾಕಿದ್ದೆ ಎಂಬುದು ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ. ಹಿಂದಿನ ವರ್ಷದ ಖರ್ಚಿಗೆ ನಾನು ಒಪ್ಪಿಗೆ ಕೊಟ್ಟಿದ್ದೆ! ಮೋಸವೇನೂ ನಡೆದಿರಲಿಲ್ಲ, ಅದು ನಮ್ಮ ಪುಣ್ಯ. ಆದರೆ ಅಂದಿನಿಂದ ಓದದೆ ಸಹಿ ಹಾಕುವುದನ್ನು ಬಿಟ್ಟೆ. ಎರಡು ಅವಧಿಯ ಕೆಲಸದಲ್ಲಿ ಕಲಿತದ್ದರಲ್ಲಿ ಅರ್ಧದಷ್ಟು ಅಲ್ಲಿಂದಲೇ ಶುರುವಾಯಿತು.

ಈ ಸಮಿತಿ ಕರ್ನಾಟಕದಲ್ಲಿ 2001ರ ಸರ್ಕಾರಿ ಆದೇಶದಿಂದ ಹುಟ್ಟಿದ್ದು. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಅದಕ್ಕೆ ಕಾನೂನಿನ ಬೆನ್ನೆಲುಬು ಸಿಕ್ಕಿತು. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂತಹ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಅದರ ಕೆಲಸ.

ಹೊಸ ಸದಸ್ಯರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊಠಡಿ ಮಂಜೂರು ಮಾಡುವ, ಶಿಕ್ಷಕರನ್ನು ನೇಮಿಸುವ, ಹಣ ಬಿಡುಗಡೆ ಮಾಡುವ ಅಧಿಕಾರ ಸಮಿತಿಗಿಲ್ಲ. ಕೇಳುವ ಅಧಿಕಾರವಿದೆ, ಕೇಳಿದ್ದನ್ನು ದಾಖಲೆ ಮಾಡುವ ಅಧಿಕಾರವಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಸರ್ಕಾರಿ ಕಡತಕ್ಕೆ ಬೇಕು. ಕೆಳಗಿನ ಹಂತಗಳೆಲ್ಲ ಆ ಕನ್ನಡಿ ಹಿಡಿಯುವ ಬಗೆಗಳೇ.

ಹಂತ 1: ಪುಸ್ತಕಗಳನ್ನು ಕೇಳಿ ಪಡೆದು ಓದಿ

ಮೊದಲ ಸಭೆಯಲ್ಲೇ ಮುಖ್ಯ ಶಿಕ್ಷಕರ ಬಳಿ ಐದು ಪುಸ್ತಕಗಳನ್ನು ನೋಡಲು ಕೇಳಿ: ನಡಾವಳಿ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ದಾಸ್ತಾನು ಪುಸ್ತಕ, ಸಂದರ್ಶಕರ ಪುಸ್ತಕ. ಮುಖ್ಯ ಶಿಕ್ಷಕರು ಸಮಿತಿಯ ಸದಸ್ಯ ಕಾರ್ಯದರ್ಶಿ. ಪುಸ್ತಕ ತೋರಿಸಿ ಎನ್ನುವುದು ಅವರ ಮೇಲಿನ ಅನುಮಾನವಲ್ಲ ಎಂದು ಮೃದುವಾಗಿಯೇ ಹೇಳಿ. ಒಳ್ಳೆಯ ಮುಖ್ಯ ಶಿಕ್ಷಕರಿಗೆ ಓದುವ ಅಧ್ಯಕ್ಷರು ಸಿಕ್ಕರೆ ಸಂತೋಷವೇ ಆಗುತ್ತದೆ, ಏಕೆಂದರೆ ನಾಳೆ ಲೆಕ್ಕ ತಪಾಸಣೆಯವರು ಬಂದಾಗ ಅವರೊಬ್ಬರೇ ನಿಲ್ಲಬೇಕಾಗುವುದಿಲ್ಲ.

ನಡಾವಳಿ ಪುಸ್ತಕವನ್ನು ಹಿಂದಿನಿಂದ ಓದಿ, ಕನಿಷ್ಠ ಮೂರು ವರ್ಷದ್ದು. ‘ಮೂರನೇ ಕೊಠಡಿ ಸೋರುತ್ತಿರುವ ಬಗ್ಗೆ ಚರ್ಚಿಸಲಾಯಿತು’ ಎಂಬ ಸಾಲು ನಮ್ಮ ಶಾಲೆಯ ಪುಸ್ತಕದಲ್ಲಿ ಏಳು ಸಭೆಗಳಲ್ಲಿತ್ತು. ಚರ್ಚಿಸಿದ್ದಕ್ಕೆ ಏಳು ಸಾಕ್ಷಿ, ಪತ್ರ ಬರೆದದ್ದಕ್ಕೆ ಒಂದೂ ಇಲ್ಲ.

ಠರಾವು ಬರೆಯುವ ರೀತಿ ಬದಲಾಗಬೇಕಾದದ್ದು ಇಲ್ಲಿಯೇ. ‘ಚರ್ಚಿಸಲಾಯಿತು’ ಎಂಬ ಪದವನ್ನು ಕೈಬಿಡಿ. ಯಾರು, ಏನನ್ನು, ಯಾವ ದಿನಾಂಕದೊಳಗೆ, ಯಾರಿಗೆ ಬರೆದು ಕೇಳಬೇಕು ಎಂಬ ನಾಲ್ಕೂ ಠರಾವಿನಲ್ಲಿರಲಿ. ಉದಾಹರಣೆಗೆ: ‘ಮೂರನೇ ಕೊಠಡಿಯ ತಾರಸಿ ಪರಿಶೀಲನೆಗೆ ಇಂಜಿನಿಯರ್‌ ಅವರನ್ನು ಕಳುಹಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮುಖ್ಯ ಶಿಕ್ಷಕರು ಇದೇ ತಿಂಗಳ 15ರೊಳಗೆ ಪತ್ರ ಬರೆಯುವುದು, ಸ್ವೀಕೃತಿ ಪ್ರತಿಯನ್ನು ಮುಂದಿನ ಸಭೆಯಲ್ಲಿ ಮಂಡಿಸುವುದು.’ ಸಭೆ ತಿಂಗಳಿಗೆ ಒಮ್ಮೆಯಾದರೂ ಸೇರಲಿ. ನಡಾವಳಿಯ ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ. ಖಾಲಿ ಹಾಳೆಗೆ, ಮುಂಗಡ ಚೆಕ್ಕಿಗೆ ಸಹಿ ಹಾಕಬೇಡಿ. ಎಷ್ಟೇ ಅವಸರವೆಂದರೂ, ಹೊಲದ ಬದುವಿನವರೆಗೆ ಹುಡುಕಿಕೊಂಡು ಬಂದರೂ ಹಾಕಬೇಡಿ.

ಹಂತ 2: ಕಟ್ಟಡವನ್ನು ಒಂದು ಸುತ್ತು ನೋಡಿ

ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು: ಶಾಲೆ ತೆರೆಯುವ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಮಳೆ ಜೋರಾಗಿರುವ ಜುಲೈಯಲ್ಲಿ ಒಮ್ಮೆ. ಮೇ ತಿಂಗಳ ಬಿಸಿಲಿನಲ್ಲಿ ಗೋಡೆಗಳು ಸುಳ್ಳು ಹೇಳುತ್ತವೆ. ನೀರಿನ ದಾರಿ ಕಾಣುವುದು ಮಳೆಯಲ್ಲೇ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪಲೋದಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತದ್ದು ಮಳೆಗಾಲದಲ್ಲೇ.

ನಾಲ್ಕು ಜನ ಹೋಗಿ. ಅವರಲ್ಲೊಬ್ಬರು ಊರಿನ ಗಾರೆ ಕೆಲಸದವರಾಗಿರಲಿ, ಇನ್ನೊಬ್ಬರು ವಿದ್ಯುತ್ ಕೆಲಸ ಬಲ್ಲವರಾಗಿರಲಿ. ಮೇಲಿನ ತರಗತಿಯ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ. ಯಾವ ಕಿಟಕಿ ಹತ್ತಿರ ಗಾರೆ ಉದುರುತ್ತದೆ, ಯಾವ ಸ್ವಿಚ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಬೇಕಾದ ಸಾಮಗ್ರಿ ಇಷ್ಟೇ: ಉದ್ದನೆಯ ಕೋಲು, ಅಳತೆ ಪಟ್ಟಿ, ಪೆನ್ಸಿಲ್, ಮೊಬೈಲ್ ಕ್ಯಾಮೆರಾ.

ತಾರಸಿಯಿಂದ ಆರಂಭಿಸಿ. ಕಾಂಕ್ರೀಟ್ ತಾರಸಿಗೆ ನೀರು ಇಳಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಿಗ್ಗುತ್ತದೆ, ಕೆಳಗಿನ ಪದರವನ್ನು ತಳ್ಳಿ ಉದುರಿಸುತ್ತದೆ. ಆದ್ದರಿಂದ ಸರಳಿನ ಗುಂಟ ಓಡುವ ನೇರ ಬಿರುಕು, ಕಂದು ಬಣ್ಣದ ಕಲೆ, ಉಬ್ಬಿದ ಗಾರೆ ಈ ಮೂರು ಒಟ್ಟಿಗೆ ಕಂಡರೆ ಸುಣ್ಣ ಬಳಿದು ಮುಚ್ಚುವ ವಿಷಯವಲ್ಲ ಅದು. ಕೋಲಿನಿಂದ ಮೆಲ್ಲಗೆ ತಟ್ಟಿ ನೋಡಿ, ಅದೂ ಪಕ್ಕದಲ್ಲಿ ನಿಂತು. ನೇರ ಕೆಳಗೆ ನಿಲ್ಲಬೇಡಿ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಆ ಪದರ ಸದ್ಯವೇ ಬೀಳಲಿದೆ ಎಂದು ಬರೆದುಕೊಳ್ಳಿ. ಹಂಚಿನ ಮಾಡಾದರೆ ಹಂಚಿಗಿಂತ ಅದನ್ನು ಹೊತ್ತ ಮರದ ರೀಪು, ಪಕಾಸಿಗಳನ್ನು ನೋಡಿ. ಗೆದ್ದಲು ತಿಂದ ಮರ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಮೊಳೆ ಒತ್ತಿದರೆ ಹಿಟ್ಟಿನಂತೆ ಒಳಗೆ ಹೋಗುತ್ತದೆ.

ತಾರಸಿಯ ಮೇಲೇನಿದೆ ಎಂದೂ ಹತ್ತಿ ನೋಡಿ. ಸಾವಿರ ಲೀಟರ್‌ ಟ್ಯಾಂಕಿನ ನೀರಿನ ತೂಕವೇ ಒಂದು ಟನ್. ದಾನಿಗಳು ಪ್ರೀತಿಯಿಂದ ಕೊಟ್ಟ ಟ್ಯಾಂಕನ್ನು ಹಳೆಯ ಸೂರಿನ ನಟ್ಟನಡುವೆ ಕೂರಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ನೀರು ಹೋಗುವ ಕೊಳವೆಗೆ ಎಲೆ ಕಟ್ಟಿಕೊಂಡಿದ್ದರೆ ತಾರಸಿ ಕೆರೆಯಾಗುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಸೋಮಾರಿತನ ಮಾಡಿ ಲಕ್ಷಗಟ್ಟಲೆ ದುರಸ್ತಿಗೆ ಅರ್ಜಿ ಹಾಕುವ ಪರಿಪಾಟ ನಮ್ಮಲ್ಲಿದೆ. ಸಂದಿಯಲ್ಲಿ ಅರಳಿ ಗಿಡ ಮೂಡಿದ್ದರೆ ಸಸಿಯಿರುವಾಗಲೇ ಬೇರು ಸಮೇತ ತೆಗೆಸಿ.

ಗೋಡೆಗಳಲ್ಲಿ ಕೂದಲೆಳೆಯ ಬಿರುಕು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ನಾಣ್ಯ ತೂರುವಷ್ಟು ಅಗಲದ ಬಿರುಕು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು ಚಿಂತೆಯವು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ, ನಡುವೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳುವಾದ ಪಟ್ಟಿ ಮೆತ್ತಿ. ತಿಂಗಳೊಳಗೆ ಆ ಪಟ್ಟಿ ಸೀಳಿದರೆ ಗೋಡೆ ಚಲಿಸುತ್ತಿದೆ ಎಂದರ್ಥ. ಅಳತೆ ಪಟ್ಟಿಯನ್ನು ಬಿರುಕಿನ ಪಕ್ಕ ಇಟ್ಟು ಫೋಟೋ ತೆಗೆಯಿರಿ, ಮುಂದಿನ ತಿಂಗಳು ಅದೇ ಕೋನದಿಂದ ಮತ್ತೊಂದು ತೆಗೆಯಿರಿ. ದಿನಾಂಕವಿರುವ ಆ ಎರಡು ಚಿತ್ರಗಳು ಮಾಡುವ ಕೆಲಸವನ್ನು ಹತ್ತು ಮನವಿಗಳು ಮಾಡಲಾರವು.

ಕೊಠಡಿಯೊಳಗೆ ಮಾತ್ರ ಅಪಾಯವಿದೆ ಎಂದುಕೊಳ್ಳಬೇಡಿ. ಆಧಾರವಿಲ್ಲದೆ ಒಂಟಿಯಾಗಿ ನಿಂತ ಕಾಂಪೌಂಡ್ ಗೋಡೆ ನೆನೆದಾಗ ಮಲಗುತ್ತದೆ. ತುಕ್ಕು ಹಿಡಿದ ಕೀಲಿನ ಕಬ್ಬಿಣದ ಗೇಟಿಗೆ ಮಕ್ಕಳು ಜೋತುಬೀಳುತ್ತಾರೆ. ಮುಚ್ಚಳವಿಲ್ಲದ ನೀರಿನ ತೊಟ್ಟಿ, ಶೌಚಗುಂಡಿಯ ಬಿರುಕುಬಿಟ್ಟ ಚಪ್ಪಡಿ, ಮೈದಾನದ ಮೇಲೆ ಹಾದ ವಿದ್ಯುತ್ ತಂತಿ, ಒಣಗಿದ ಕೊಂಬೆ ಎಲ್ಲವನ್ನೂ ಪಟ್ಟಿಗೆ ಸೇರಿಸಿ. ವಿದ್ಯುತ್ತಿನ ವಿಷಯದಲ್ಲಿ ಅರ್ಥಿಂಗ್ ಇದೆಯೇ, ಮುಖ್ಯ ಫಲಕದಲ್ಲಿ ಸೋರಿಕೆಯನ್ನು ಕಂಡೊಡನೆ ಕಡಿತಗೊಳಿಸುವ ಸಾಧನವಿದೆಯೇ ಎಂದು ಕೇಳಿ. ಆ ಸಾಧನ, ಅಂದರೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ದುಬಾರಿ ವಸ್ತುವೇನಲ್ಲ.

ಅಡುಗೆ ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಅಡುಗೆ ಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಬಲಿಯಾದರು. ಆ ದುರಂತದ ಹಿನ್ನೆಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ, ಸುರಕ್ಷಿತ ಶಾಲೆಯಲ್ಲಿ ಕಲಿಯುವುದೂ ಶಿಕ್ಷಣದ ಹಕ್ಕಿನೊಳಗೇ ಸೇರಿದೆ ಎಂದು ಹೇಳಿತು. ಈ ತೀರ್ಪನ್ನು ಪತ್ರಗಳಲ್ಲಿ ಉಲ್ಲೇಖಿಸಿ, ತೂಕ ಬರುತ್ತದೆ. ಸಿಲಿಂಡರ್ ಹೊರಗಿದೆಯೇ, ಕೊಳವೆ ಬಿರಿದಿದೆಯೇ, ಅಗ್ನಿಶಾಮಕದ ಮುಳ್ಳು ಹಸಿರು ಭಾಗದಲ್ಲಿದೆಯೇ ನೋಡಿ. ಅದನ್ನು ಬಳಸುವುದು ಅಡುಗೆಯವರಿಗೆ ಗೊತ್ತಿದೆಯೇ ಎಂದೂ ಕೇಳಿ. ಬೀರುವಿನ ಹಿಂದೆ ಭದ್ರವಾಗಿಟ್ಟ ಅಗ್ನಿಶಾಮಕ ನಮ್ಮಲ್ಲೂ ಒಂದಿತ್ತು.

ಹಂತ 3: ಮೂರು ಬಣ್ಣ, ಒಂದು ಬೀಗ

ಸುತ್ತು ಮುಗಿದ ದಿನವೇ ಕುಳಿತು ಕಂಡದ್ದನ್ನೆಲ್ಲ ಮೂರು ಭಾಗ ಮಾಡಿ. ಊರವರೇ ಒಂದು ವಾರದಲ್ಲಿ ಸರಿಪಡಿಸಬಹುದಾದವು ಹಸಿರು. ಅನುದಾನದಲ್ಲಿ ಮಾಡಿಸಬೇಕಾದ ಸಣ್ಣ ದುರಸ್ತಿ ಹಳದಿ. ಇಂಜಿನಿಯರ್ ಬಂದು ನೋಡುವವರೆಗೆ ಮಕ್ಕಳು ಕಾಲಿಡಬಾರದಾದವು ಕೆಂಪು.

ಕೆಂಪು ಕೊಠಡಿಗೆ ಅಂದೇ ಬೀಗ ಹಾಕಿ. ಸಮಿತಿಯಾಗಲಿ, ಮುಖ್ಯ ಶಿಕ್ಷಕರಾಗಲಿ ಇದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಕೆಡವಲು ಅನುಮತಿ ಬೇಕು, ಕೂರಿಸದಿರಲು ಬೇಡ. ‘ಬೀಗ ಹಾಕಿದರೆ ಮಕ್ಕಳನ್ನು ಎಲ್ಲಿ ಕೂರಿಸುವುದು’ ಎಂಬ ಪ್ರಶ್ನೆ ತಕ್ಷಣ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆ. ಎರಡು ತರಗತಿ ಸೇರಿಸುವುದು, ಅಂಗನವಾಡಿಯ ಜಗಲಿ, ಸಮುದಾಯ ಭವನ, ಪಾಳಿ ಪದ್ಧತಿ ಇವೆಲ್ಲ ಕೆಟ್ಟ ಉತ್ತರಗಳೇ. ಕುಸಿಯುವ ಸೂರಿಗಿಂತ ಕಡಿಮೆ ಕೆಟ್ಟವು, ಅಷ್ಟೇ. ಬಾಗಿಲಿಗೆ ಬೀಗ ಹಾಕಿದರೆ ಸಾಲದು, ಹೊರಗೋಡೆಯಿಂದ ಆರೇಳು ಅಡಿ ದೂರಕ್ಕೆ ಹಗ್ಗ ಅಥವಾ ಬೇಲಿ ಹಾಕಿ. ಆಟದ ಹೊತ್ತಿನಲ್ಲಿ ಮಕ್ಕಳು ನೆರಳು ಹುಡುಕಿ ಹೋಗುವುದು ಅದೇ ಗೋಡೆಯ ಬುಡಕ್ಕೆ.

ಬೀಗ ಹಾಕಿದ ದಿನಾಂಕ, ಕಾರಣ, ಫೋಟೋಗಳೊಂದಿಗೆ ಅದೇ ದಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ ಹೋಗಲಿ, ಪ್ರತಿಗಳು ಗ್ರಾಮ ಪಂಚಾಯಿತಿಗೂ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೂ ತಲುಪಲಿ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಆ ನೀಲಿ ಮೊಹರಿಲ್ಲದ ಪತ್ರ ಬರೆಯದ ಪತ್ರಕ್ಕೆ ಸಮ.

ಹಂತ 4: ಇಂಜಿನಿಯರ್ ಬಂದ ದಿನ, ಕಾಮಗಾರಿ ನಡೆದ ದಿನ

ಶಿಥಿಲ ಎಂದು ಘೋಷಿಸಿ ಕೆಡವಲು ಶಿಫಾರಸು ಮಾಡುವುದು, ದುರಸ್ತಿಗೆ ಅಂದಾಜು ಪಟ್ಟಿ ತಯಾರಿಸುವುದು ಇಂಜಿನಿಯರ್ ಕೆಲಸ. ಅವರು ಬಂದಾಗ ಅಧ್ಯಕ್ಷರು ಊರಿನಲ್ಲಿರಬೇಕು. ನಿಮ್ಮ ಪಟ್ಟಿ, ಚಿತ್ರಗಳನ್ನು ಕೊಡಿ. ಸೋರಿಕೆ ಎಲ್ಲಿಂದ ಬರುತ್ತದೆ ಎಂದು ತೋರಿಸಿ. ಇಲ್ಲದಿದ್ದರೆ ಅಂದಾಜು ಪಟ್ಟಿಯಲ್ಲಿ ನೆಲಕ್ಕೆ ಟೈಲ್ಸ್, ಗೋಡೆಗೆ ಬಣ್ಣ ಬಂದು ಸೋರುವ ಸೂರು ಹಾಗೆಯೇ ಉಳಿದೀತು. ಇದು ಕಲ್ಪನೆಯಲ್ಲ, ನಾನೇ ಕಂಡದ್ದು.

ಕಾಮಗಾರಿ ಶುರುವಾಗುವ ಮುಂಚೆ ಅಂದಾಜು ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಬರೆದದ್ದಕ್ಕೂ ಕಣ್ಣೆದುರು ಆಗುತ್ತಿರುವುದಕ್ಕೂ ತಾಳೆ ನೋಡಲು ಇಂಜಿನಿಯರ್ ಆಗಬೇಕಿಲ್ಲ. ಸರಳು ಕಟ್ಟಿದ ಮೇಲೆ, ಕಾಂಕ್ರೀಟ್ ಹಾಕುವ ಮುಂಚೆ ಸರಳುಗಳ ಫೋಟೋ ತೆಗೆಯಿರಿ, ಆಮೇಲೆ ಅವು ಯಾರಿಗೂ ಕಾಣುವುದಿಲ್ಲ. ಸರಳಿನ ಕೆಳಗೆ ಅಂತರ ಕಾಯುವ ಬಿಲ್ಲೆಗಳಿವೆಯೇ ನೋಡಿ. ಅವಿಲ್ಲದೆ ಸರಳು ಹಲಗೆಗೆ ತಾಗಿದ್ದರೆ ಐದಾರು ಮಳೆಗಾಲದಲ್ಲಿ ತುಕ್ಕು ಹೊರಗಿಣುಕುತ್ತದೆ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಬೇಸಿಗೆಯಲ್ಲಿ ಹತ್ತು ದಿನ ನೀರು ನಿಲ್ಲಿಸಬೇಕು. ತರಗತಿಯ ಅಗಲದ ತಾರಸಿಗೆ ಕೊಟ್ಟ ಆಧಾರದ ಕಂಬಗಳನ್ನು ಎರಡು ವಾರದೊಳಗೆ ಕೀಳಲು ಬಿಡಬಾರದು. ರಜೆಯಲ್ಲಿ ನೀರುಣಿಸುವವರು ಯಾರು ಎಂಬುದನ್ನು ಸಭೆಯಲ್ಲೇ ಹೆಸರು ಬರೆದು ಹಂಚಿಕೊಳ್ಳಿ. ಗುತ್ತಿಗೆದಾರರೊಂದಿಗೆ ಜಗಳ ಬೇಡ, ಲೋಪ ಕಂಡರೆ ಇಂಜಿನಿಯರ್‌ಗೆ ಅಂದೇ ಲಿಖಿತವಾಗಿ ತಿಳಿಸಿ.

ಹಂತ 5: ಶಿಕ್ಷಕರ ಲೆಕ್ಕ ಬಿಡಿಸಿ

‘ನಮ್ಮ ಶಾಲೆಗೆ ಶಿಕ್ಷಕರು ಕಡಿಮೆ’ ಎಂಬ ಮನವಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ರಾಶಿ ಬಿದ್ದಿದೆ. ನಿಮ್ಮದು ಆ ರಾಶಿಯಿಂದ ಮೇಲೇಳಬೇಕಾದರೆ ಅಂಕಿ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೀಗೆ ಹೇಳುತ್ತದೆ: ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಮಕ್ಕಳು 150 ದಾಟಿದರೆ ಐವರ ಜೊತೆಗೆ ಮುಖ್ಯ ಶಿಕ್ಷಕರು. ಆರರಿಂದ ಎಂಟನೇ ತರಗತಿಗೆ ಪ್ರತಿ 35 ಮಕ್ಕಳಿಗೆ ಒಬ್ಬರಂತೆ, ವಿಜ್ಞಾನ ಮತ್ತು ಗಣಿತ, ಸಮಾಜ, ಭಾಷೆ ಈ ಮೂರಕ್ಕೂ ಒಬ್ಬೊಬ್ಬರಾದರೂ ಇರಬೇಕು.

ಅಂದರೆ 60 ಮತ್ತು 61ರ ನಡುವೆ ಒಂದು ಮಗುವಿನ ವ್ಯತ್ಯಾಸವಲ್ಲ, ಒಬ್ಬ ಶಿಕ್ಷಕರ ವ್ಯತ್ಯಾಸವಿದೆ. ಊರಿನಲ್ಲಿ ದಾಖಲಾಗದ ಮೂರು ಮಕ್ಕಳಿದ್ದರೆ ಜೂನ್‌ನಲ್ಲೇ ಮನೆಮನೆಗೆ ಹೋಗಿ ಕರೆತನ್ನಿ. ಆದರೆ ಸುಳ್ಳು ದಾಖಲಾತಿಗೆ ಎಂದೂ ಕೈ ಹಾಕಬೇಡಿ. ಅದು ಅಪರಾಧ, ಸಾಲದ್ದಕ್ಕೆ ಬಿಸಿಯೂಟದ ಲೆಕ್ಕ ಸುಳ್ಳನ್ನು ಪ್ರತಿದಿನ ಬಯಲು ಮಾಡುತ್ತದೆ.

ಈಗ ಒಂದು ಹಾಳೆಯಲ್ಲಿ ನಾಲ್ಕು ಅಂಕಿ ಬರೆಯಿರಿ: ದಾಖಲಾದ ಮಕ್ಕಳು, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ನಿಜವಾಗಿ ತರಗತಿಯಲ್ಲಿ ನಿಲ್ಲುವವರು. ಕೊನೆಯ ಎರಡು ಅಂಕಿಗಳು ಹೊಂದದಿದ್ದರೆ ರೋಗ ಅಲ್ಲಿದೆ. ಸಂಬಳ ನಿಮ್ಮ ಶಾಲೆಯ ಹೆಸರಿನಲ್ಲಿ, ಕೆಲಸ ಯಾವುದೋ ಕಚೇರಿಯಲ್ಲಿ: ನಿಯೋಜನೆ ಎಂಬ ಈ ವ್ಯವಸ್ಥೆಯಲ್ಲಿ ಹುದ್ದೆ ಖಾಲಿ ಎಂದೂ ತೋರುವುದಿಲ್ಲ, ಪಾಠವೂ ನಡೆಯುವುದಿಲ್ಲ. ಕಾಯ್ದೆಯ 25ನೇ ಸೆಕ್ಷನ್‌ನ ಎರಡನೇ ಉಪವಿಭಾಗ ಒಂದು ಶಾಲೆಗೆ ನೇಮಕವಾದ ಶಿಕ್ಷಕರನ್ನು ಬೇರೆ ಶಾಲೆಯಲ್ಲಾಗಲಿ, ಕಚೇರಿಯಲ್ಲಾಗಲಿ ದುಡಿಸಬಾರದೆನ್ನುತ್ತದೆ. 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. 26ನೇ ಸೆಕ್ಷನ್ ಪ್ರಕಾರ ಶಾಲೆಯೊಂದರಲ್ಲಿ ಖಾಲಿ ಹುದ್ದೆ ಮಂಜೂರಾದ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು. ಐದು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿಯಿದ್ದರೂ ಅದು ಶೇ 20! ನಮ್ಮ ಬಹುಪಾಲು ಹಳ್ಳಿ ಶಾಲೆಗಳಲ್ಲಿ ಒಂದೇ ಒಂದು ಖಾಲಿ ಕುರ್ಚಿ ಕೂಡ ಕಾನೂನಿನ ಉಲ್ಲಂಘನೆ ಎಂಬುದು ಇದರಿಂದ ಬರುವ ಸರಳ ಗಣಿತ. ಈ ಗಣಿತವನ್ನು ಪತ್ರದ ಮೊದಲ ಪ್ಯಾರಾದಲ್ಲೇ ಮಾಡಿ ತೋರಿಸಿ.

ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರೇ ಗತಿ. ಹಂಚಿಕೆ ತಾಲ್ಲೂಕು ಮಟ್ಟದಲ್ಲಿ ನಡೆಯುತ್ತದೆ, ಆದ್ದರಿಂದ ಖಾಲಿ ಹುದ್ದೆಯ ವಿವರ, ವಿಷಯದ ಹೆಸರಿನೊಂದಿಗೆ, ಶಾಲೆ ಆರಂಭವಾದ ವಾರದಲ್ಲೇ ತಲುಪಬೇಕು. ಆಯ್ಕೆಯಲ್ಲಿ ಅಂಕ ಮತ್ತು ಅರ್ಹತೆಯ ಪಟ್ಟಿಯನ್ನು ಫಲಕದಲ್ಲಿ ಹಾಕಿಸಿ. ಅಧ್ಯಕ್ಷರ ಅಣ್ಣನ ಮಗಳು ಅರ್ಹಳೇ ಆಗಿರಬಹುದು. ಪಟ್ಟಿ ಹೊರಗೆ ಹಾಕದಿದ್ದರೆ ಅದನ್ನು ಊರು ನಂಬುವುದಿಲ್ಲ. ಗೌರವಧನ ತಡವಾಗಿ ಬರುವುದು ಮಾಮೂಲು, ಅವರ ಪರವಾಗಿಯೂ ಸಮಿತಿ ಪತ್ರ ಬರೆಯಲಿ.

ಇರುವ ಶಿಕ್ಷಕರ ಮೇಲೆ ದರ್ಪ ಬೇಡ. ಕೆಲವು ಸಮಿತಿಗಳಿಗೆ ಗಡಿಯಾರ ಹಿಡಿದು ಗೇಟಿನಲ್ಲಿ ನಿಲ್ಲುವುದೇ ಮೇಲುಸ್ತುವಾರಿ. ಒಬ್ಬರು ಸತತವಾಗಿ ತಡವಾಗಿ ಬಂದರೆ ಮುಖ್ಯ ಶಿಕ್ಷಕರ ಮೂಲಕ ಮಾತನಾಡಿ. ಇಬ್ಬರೇ ಐದು ತರಗತಿ ನಡೆಸುತ್ತಿರುವಾಗ ಅವರ ಮೇಲಿನ ಮಾಹಿತಿ ಭರ್ತಿಯ ಹೊರೆ ಇಳಿಸಲು ನಾವೇನು ಮಾಡಬಹುದು ಎಂದೂ ಕೇಳಿ ನೋಡಿ. ನಮ್ಮಲ್ಲಿ ಕಂಪ್ಯೂಟರ್ ಬಲ್ಲ ತಾಯಿಯೊಬ್ಬರು ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೂತಿದ್ದರಿಂದಲೇ ಎಷ್ಟೋ ಪಾಠ ಉಳಿಯಿತು.

ಹಂತ 6: ಹಣ, ಬರುವುದೂ ಹೋಗುವುದೂ

ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ವರ್ಷಕ್ಕೆ 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಇದರಲ್ಲಿ ಶೇ 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. 80 ಮಕ್ಕಳ ಶಾಲೆಗೆ 25,000 ಎಂದರೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ. ಸೀಮೆಸುಣ್ಣ, ಪೊರಕೆ, ನಲ್ಲಿ, ಬಲ್ಬು ಎಲ್ಲ ಅದರಲ್ಲೇ. ಈ ಹಣದಲ್ಲಿ ತಾರಸಿ ರಿಪೇರಿಯ ಕನಸು ಕಾಣಬೇಡಿ, ಅದಕ್ಕೆ ಬೇರೆ ಬಾಗಿಲುಗಳಿವೆ.

ಹಣ ಬಂದ ವಾರವೇ ಸಭೆ ಕರೆದು ಖರ್ಚಿನ ಪಟ್ಟಿ ಮಾಡಿ. ಹಂತ 3ರ ಹಳದಿ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ: ವೈರಿಂಗ್, ತೊಟ್ಟಿಯ ಮುಚ್ಚಳ, ಶೌಚಾಲಯದ ಚಿಲಕ ಮೊದಲು, ಬಣ್ಣ ಮತ್ತು ಬ್ಯಾನರ್ ಕೊನೆಗೆ. ಶೌಚಾಲಯದ ಚಿಲಕವೆಂದರೆ ನಗಬೇಡಿ. ಚಿಲಕವಿಲ್ಲದ ಕಾರಣ ಮಧ್ಯಾಹ್ನದ ನಂತರ ಮನೆಗೆ ಹೋಗಿಬಿಡುವ ಏಳನೇ ತರಗತಿಯ ಹುಡುಗಿಯರನ್ನು ಸಮಿತಿಯ ಮಹಿಳಾ ಸದಸ್ಯರು ಕೇಳಿ ನೋಡಲಿ. ಅನುದಾನ ವರ್ಷದ ಕೊನೆಗೆ ಬರುವುದೂ ಉಂಟು. ಮಾರ್ಚ್ ಮುಗಿಯುವ ಮುನ್ನ ಖರ್ಚಾಗದ್ದು ಕೈತಪ್ಪುತ್ತದೆಂಬ ಅವಸರದಲ್ಲಿ ಬೇಡದ ವಸ್ತು ಕೊಳ್ಳುವ ಬದಲು, ಜನವರಿಯಲ್ಲೇ ಕೊಟೇಶನ್ ತರಿಸಿಟ್ಟುಕೊಳ್ಳಿ.

ವೋಚರ್ ಇಲ್ಲದ ಖರ್ಚು ಬೇಡ. ಕೊಂಡ ವಸ್ತು ದಾಸ್ತಾನು ಪುಸ್ತಕಕ್ಕೆ ಏರಲಿ. ಪ್ರತಿ ತಿಂಗಳು ನಗದು ಪುಸ್ತಕದ ಬಾಕಿಗೂ ಪಾಸ್‌ಬುಕ್ಕಿನ ಬಾಕಿಗೂ ತಾಳೆ ನೋಡಿ ಇಬ್ಬರು ಸದಸ್ಯರು ಸಹಿ ಹಾಕಲಿ. ವಿದ್ಯುತ್ ಬಿಲ್ ಇನ್ನೂ ಅನುದಾನದಿಂದಲೇ ಹೋಗುತ್ತಿದೆಯೇ ಎಂದು ವಿಚಾರಿಸಿ. ಸರ್ಕಾರಿ ಶಾಲೆ, ಕಾಲೇಜುಗಳಿಗೆ ಉಚಿತ ವಿದ್ಯುತ್ ಹಾಗೂ ಕುಡಿಯುವ ನೀರಿನ ಘೋಷಣೆ 2023ರ ನವೆಂಬರ್ 1ರಂದೇ ಆಗಿದೆ.

ದೊಡ್ಡ ಹಣಕ್ಕೆ ಎಲ್ಲಿ ಹೋಗಬೇಕು? ಜಿಲ್ಲಾ ಪಂಚಾಯಿತಿ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಾದರೆ ಪ್ರದೇಶಾಭಿವೃದ್ಧಿ ಮಂಡಳಿ, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅಡಿ ಸಾಮಾಜಿಕ ಹೊಣೆಯ ಹಣ ಮೀಸಲಿಡಬೇಕಾದ ಕಂಪನಿಗಳು. ಕಾಂಪೌಂಡ್, ಮೈದಾನ, ಶೌಚಾಲಯಗಳು ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಆಗಿರುವ ಉದಾಹರಣೆ ನಮ್ಮ ರಾಜ್ಯದಲ್ಲಿ ಹೇರಳ. ಆದ್ದರಿಂದ ಗ್ರಾಮಸಭೆಯಲ್ಲಿ ಶಾಲೆಯ ಬೇಡಿಕೆ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರುವಂತೆ ನೋಡಿಕೊಳ್ಳಿ. ಮಕ್ಕಳ ಗ್ರಾಮಸಭೆಯನ್ನು ಹಾರ ತುರಾಯಿಯ ಕಾರ್ಯಕ್ರಮವಾಗಲು ಬಿಡದೆ ಮಕ್ಕಳೇ ಆ ಬಿರುಕಿನ ಫೋಟೋ ಹಿಡಿದು ಮಾತನಾಡಲಿ. ದೊಡ್ಡವರಿಗೆ ಕೊಡುವ ಸಬೂಬನ್ನು ಮಕ್ಕಳ ಮುಖಕ್ಕೆ ಹೇಳುವುದು ಕಷ್ಟ.

ದೇಣಿಗೆ ಪಡೆಯಿರಿ, ರಸೀದಿ ಕೊಡಿ, ಖಾತೆಗೇ ಜಮಾ ಮಾಡಿ. ಕಡ್ಡಾಯ ವಂತಿಗೆ ಮಾತ್ರ ಬೇಡವೇ ಬೇಡ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಬಿದ್ದು, ಟೀಕೆ ಎದ್ದು, ಕೆಲವೇ ದಿನಗಳಲ್ಲಿ ವಾಪಸಾದದ್ದು ನೆನಪಿರಲಿ. ಕೊಡಲಾಗದ ಪೋಷಕರು ಶಾಲೆಯ ಗೇಟಿನ ಬಳಿ ಮುಖ ತಪ್ಪಿಸುವಂತಾದರೆ ಆ ಹಣಕ್ಕೆ ಬೆಂಕಿ ಬೀಳಲಿ.

ಹಂತ 7: ಎಲ್ಲವನ್ನೂ ಒಂದು ಯೋಜನೆಯಾಗಿ ಕಟ್ಟಿ

ಕಾಯ್ದೆಯ 22ನೇ ಸೆಕ್ಷನ್ ಶಾಲಾ ಅಭಿವೃದ್ಧಿ ಯೋಜನೆ ಮಾಡುವುದನ್ನು ಸಮಿತಿಯ ಕರ್ತವ್ಯವೆಂದಿದೆ. ಅನುದಾನ ನೀಡಿಕೆಗೆ ಈ ಯೋಜನೆಯೇ ಆಧಾರವಾಗಬೇಕೆಂದೂ ಹೇಳಿದೆ. ಕೇಂದ್ರದ 2010ರ ನಿಯಮಗಳ ಪ್ರಕಾರ ಇದು ಮೂರು ವರ್ಷದ ಯೋಜನೆ, ವರ್ಷಕ್ಕೊಂದರಂತೆ ಮೂರು ಉಪಯೋಜನೆಗಳು. ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಒಳಗೆ, ಸಿದ್ಧವಾಗಬೇಕು. ಮುಂದಿನ ವರ್ಷಗಳ ಮಕ್ಕಳ ಸಂಖ್ಯೆ, ಬೇಕಾದ ಶಿಕ್ಷಕರು, ಬೇಕಾದ ಕೊಠಡಿ ಮತ್ತು ಸಾಮಗ್ರಿ, ತಗಲುವ ಹಣ ಇವಿಷ್ಟೂ ಅದರಲ್ಲಿ ಇರಬೇಕು. ಅಲ್ಲಿಗೆ ಕಟ್ಟಡ, ಸಿಬ್ಬಂದಿ, ಬಜೆಟ್ ಮೂರೂ ಒಂದೇ ಕಾಗದಕ್ಕೆ ಬಂದವು. ಬಹುತೇಕ ಶಾಲೆಗಳಲ್ಲಿ ಇದನ್ನು ಹಿಂದಿನ ವರ್ಷದ್ದರಿಂದ ನಕಲು ಮಾಡಿ ಕಳುಹಿಸುತ್ತಾರೆ. ಎರಡು ಸಂಜೆ ಕೂತು ನಿಮ್ಮದನ್ನೇ ಬರೆಯಿರಿ. ನಾಲ್ಕು ಪುಟ ಸಾಕು.

ಇದಕ್ಕಿಂತ ಮುಖ್ಯವಾದ, ಯಾರೂ ಹೇಳದ ವಿಷಯವೊಂದಿದೆ. ಪ್ರತಿ ವರ್ಷ ಯುಡೈಸ್ ಎಂಬ ನಮೂನೆಯಲ್ಲಿ ಶಾಲೆಯ ಸ್ಥಿತಿಗತಿ ಭರ್ತಿಯಾಗುತ್ತದೆ. ಅದರ ಆಧಾರ ದಿನಾಂಕ ಸೆಪ್ಟೆಂಬರ್ 30. ಅಲ್ಲಿ ಪ್ರತಿ ಕೊಠಡಿಯನ್ನು ಚೆನ್ನಾಗಿದೆ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂದು ವಿಂಗಡಿಸಿ ತುಂಬಬೇಕು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕುಳಿತು ಯೋಜನೆ ಹಾಕುವವರು ನೋಡುವುದು ಆ ಅಂಕಿಗಳನ್ನೇ. ನಾವು ಮನವಿ ಹಿಡಿದು ಅಲೆದ ಎರಡು ವರ್ಷವೂ ನಮೂನೆಯಲ್ಲಿ ನಮ್ಮ ಎಲ್ಲ ಕೊಠಡಿಗಳೂ ‘ಚೆನ್ನಾಗಿದೆ’ ಎಂದೇ ಇದ್ದವು! ಯಾರದೂ ದುರುದ್ದೇಶವಿರಲಿಲ್ಲ, ಹಳೆಯ ಮಾಹಿತಿಯನ್ನು ಹಾಗೆಯೇ ಮುಂದಕ್ಕೆ ಒಯ್ದಿದ್ದರು. ಸಲ್ಲಿಸುವ ಮುನ್ನ ಆ ನಮೂನೆಯ ಮುದ್ರಿತ ಪ್ರತಿಯನ್ನು ಸಭೆಯಲ್ಲಿ ಓದಿಸಿ, ನಿಮ್ಮ ಕೆಂಪು ಪಟ್ಟಿಯೊಂದಿಗೆ ಹೋಲಿಸಿ.

ಹಂತ 8: ಉತ್ತರ ಬಾರದಿದ್ದರೆ

ಪತ್ರ ಕೊಟ್ಟು ಮೂವತ್ತು ದಿನ ಕಾಯಿರಿ. ನಂತರ ಹಳೆಯ ಸ್ವೀಕೃತಿ ಲಗತ್ತಿಸಿ ನೆನಪೋಲೆ, ಅದರ ಪ್ರತಿ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ. ಅದಕ್ಕೂ ಮೌನವಾದರೆ ಮಾಹಿತಿ ಹಕ್ಕು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ‘ಏಕೆ ದುರಸ್ತಿ ಮಾಡಿಲ್ಲ’ ಎಂದು ಕೇಳಬೇಡಿ, ಏಕೆ ಎಂಬುದಕ್ಕೆ ದಾಖಲೆ ಇರುವುದಿಲ್ಲ. ‘ಇಂಥ ದಿನಾಂಕದ ನಮ್ಮ ಪತ್ರದ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ’ ಎಂದು ಕೇಳಿ. ಕಾಮಗಾರಿ ಕಳಪೆಯೆನಿಸಿದರೆ ಅದೇ ಕಾಯ್ದೆಯಡಿ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ.

ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಮೇಲ್ಮನವಿಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಪತ್ರಿಕೆಯವರನ್ನು ಕರೆಯುವುದು ಇದೆಲ್ಲ ಆದ ಮೇಲೆ, ಸ್ವೀಕೃತಿಗಳ ಕಟ್ಟು ಕೈಯಲ್ಲಿದ್ದಾಗ. ಮೊದಲೇ ಕರೆದರೆ ಒಂದು ದಿನದ ಸುದ್ದಿಯಾಗುತ್ತದೆ, ಮರುದಿನ ಅಧಿಕಾರಿಗಳು ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುತ್ತಾರೆ, ಕೊಠಡಿ ಮಾತ್ರ ಹಾಗೆಯೇ ಇರುತ್ತದೆ.

ನಮ್ಮ ಮೂರನೇ ಕೊಠಡಿಗೆ ಬೀಗ ಹಾಕಿದ ದಿನದಿಂದ ಹೊಸ ತಾರಸಿಯ ಕೆಳಗೆ ಮಕ್ಕಳು ಕೂರುವವರೆಗೆ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು, ಹದಿನೇಳು ಪತ್ರಗಳು ಬೇಕಾದವು. ಅಷ್ಟರಲ್ಲಿ ನನ್ನ ಮಗಳು ಪ್ರೌಢಶಾಲೆಗೆ ಹೋಗಿಯಾಗಿತ್ತು.

ಹಂತ 9: ಮುಂದಿನವರಿಗೆ ಹಸ್ತಾಂತರಿಸಿ

ಅವಧಿ ಮುಗಿಯುವ ತಿಂಗಳಲ್ಲಿ ಒಂದು ತಗಡಿನ ಪೆಟ್ಟಿಗೆ ಕೊಳ್ಳಿ. ಸ್ವೀಕೃತಿ ಮೊಹರಿರುವ ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಹೊಲಿಸಿ ಅದರಲ್ಲಿಡಿ. ಜೊತೆಗೆ ಬಿರುಕಿನ ಫೋಟೋಗಳ ಮುದ್ರಿತ ಪ್ರತಿ, ಅಂದಾಜು ಪಟ್ಟಿಗಳು, ನಾಲ್ಕು ಪುಟದ ಯೋಜನೆ, ಬಾಕಿ ಉಳಿದ ಕೆಲಸಗಳ ಒಂದು ಹಾಳೆ. ಫೋಟೋಗಳನ್ನು ಮೊಬೈಲಿನಲ್ಲೇ ಬಿಡಬೇಡಿ, ಹಳೆಯ ಅಧ್ಯಕ್ಷರ ಮೊಬೈಲ್ ಕೆಟ್ಟುಹೋದದ್ದರಿಂದಲೇ ನಾವು ಸೊನ್ನೆಯಿಂದ ಶುರು ಮಾಡಬೇಕಾಯಿತು. ಬ್ಯಾಂಕಿನಲ್ಲಿ ಸಹಿ ಬದಲಾವಣೆಗೆ ಠರಾವಿನ ಪ್ರತಿ ಬೇಕಾಗುತ್ತದೆ, ಅದನ್ನು ಕೊನೆಯ ಸಭೆಯಲ್ಲೇ ಸಿದ್ಧಮಾಡಿ. ಪೆಟ್ಟಿಗೆಯಲ್ಲಿರುವ ಕಾಗದಗಳ ಪಟ್ಟಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದು ಹೊಸ ಅಧ್ಯಕ್ಷರ ಸಹಿ ಪಡೆಯಿರಿ. ಅವರು ಓದದೆ ಸಹಿ ಹಾಕಲು ಹೊರಟರೆ ಪೆನ್ನು ಹಿಂದಕ್ಕೆ ತೆಗೆದುಕೊಳ್ಳಿ.